ತುಂಬೆ ಹೂವಿನ ಲಂಚ

"ನಿಮ್ಮ ಬೀಜ ಸರಿ ಇಲ್ಲ ಕಣ್ರೀ."

ಜೀವಿತಾ ಹರಿದ ಪ್ಯಾಕೆಟ್ಟನ್ನು ಮೇಜಿನ ಮೇಲೆ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಕುಕ್ಕಿದಳು ಅಂದರೇ ಸರಿ. ಪ್ಯಾಕೆಟ್ಟಿನ ಮೇಲೆ ಹೋಳು ಮಾಡಿಟ್ಟ ಕರಬೂಜದ ಚಿತ್ರ. ಬೆಳಗಿನ ಸೂರ್ಯನನ್ನೇ ಕತ್ತರಿಸಿ ತಟ್ಟೆಗೆ ಹಾಕಿದ ಹಾಗೆ ಕೇಸರಿ ಬಣ್ಣ.

ನೊಣವಿನಕೆರೆಯ ಆ ಬೀಜ ಗೊಬ್ಬರದ ಅಂಗಡಿಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಅಂಗಡಿಯ ಜ್ಞಾನೇಶ್ ಸೊಪ್ಪಿನ ಬೀಜದ ಪೊಟ್ಟಣಗಳನ್ನು ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಡುತ್ತಿದ್ದ. ಕೈಯಲ್ಲಿದ್ದ ಕ್ಲಿಪ್ಪನ್ನು ಪೂರ್ತಿ ಸಿಕ್ಕಿಸಿ, ಪೊಟ್ಟಣ ನೆಟ್ಟಗೆ ನಿಂತಿದೆಯಾ ಅಂತ ನೋಡಿ, ಆಮೇಲೆ ತಿರುಗಿದ. ಅಷ್ಟು ಹೊತ್ತು ಕಾಯಿಸಿದ್ದಕ್ಕೇ ಜೀವಿತಾಳಿಗೆ ಮೈ ಉರಿಯಿತು.

"ಮೊಳಕೆ ಬರಲಿಲ್ವಾ ಮೇಡಂ?"

"ಬಂತು."

"ಬಳ್ಳಿ ಹಬ್ಬಲಿಲ್ವಾ?"

"ಹಬ್ಬಿದೆ. ಬಟ್ಟೆ ಒಗೆಯೋ ಕಲ್ಲಿನ ತನಕ ಹಬ್ಬಿದೆ."

"ಹೂ?"

"ಅದೇ ಹೇಳ್ತಿರೋದು. ಸಂಜೆ ನೋಡಿದ್ರೆ ಮೊಗ್ಗು. ಬೆಳಿಗ್ಗೆ ನೋಡಿದ್ರೆ ಏನೂ ಇಲ್ಲ. ಶಿವರಾತ್ರಿಯಿಂದ ಇದೇ ಕತೆ. ಗ್ಯಾರಂಟಿ ಬೀಜ ಅಂತ ಹೇಳಿ ಕೊಟ್ರಲ್ಲ."

ಅವನು ಪ್ಯಾಕೆಟ್ಟನ್ನು ಎತ್ತಿ, ಅದರ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಓದಿದ. ಓದುವಾಗ ಅವನ ತುಟಿ ಅಲ್ಲಾಡುತ್ತಿತ್ತು. "ಉದುರಿದ ಹೂ ಬುಡದಲ್ಲಿ ಬಿದ್ದಿರುತ್ತಾ?"

ಅದನ್ನು ಜೀವಿತಾ ನೋಡಿರಲಿಲ್ಲ. ಅಲ್ಲ, ನೋಡಿದ್ದಳು. ಬುಡದಲ್ಲಿ ತೆಂಗಿನ ನಾರು ಬಿಟ್ಟರೆ ಬೇರೇನೂ ಇರಲಿಲ್ಲ. "ಇಲ್ಲ."

"ಹಾಗಾದ್ರೆ ಉದುರಿಲ್ಲ. ಯಾರೋ ಕೊಯ್ತಿದ್ದಾರೆ."

"ಕರಬೂಜದ ಹೂ ಕದಿಯೋಕೆ ಯಾರು ಬರ್ತಾರೆ ರೀ?"

"ನೋಡ್ಬೇಕು. ನೀವು ಎಷ್ಟು ಗಂಟೆಗೆ ಏಳ್ತೀರಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏಳಕ್ಕಾ?"

ಏಳೂವರೆಗೆ. ಆದರೆ ಅದನ್ನು ಅವನಿಗೆ ಯಾಕೆ ಹೇಳಬೇಕು. ಅವನು ನಕ್ಕ. ತುಟಿಯಲ್ಲಲ್ಲ, ಎಡಗಣ್ಣಿನ ಪಕ್ಕ ಒಂದು ಪುಟ್ಟ ಗೆರೆ ಬಿತ್ತು, ಅಷ್ಟೇ. "ನಾಳೆ ಆರಕ್ಕೆ ಬರ್ತೀನಿ. ಕೊಬ್ಬರಿ ಪರಮೇಶಣ್ಣನ ಮನೆ ತಾನೇ?"

ಸ್ಕೂಟಿ ಸ್ಟಾರ್ಟ್ ಮಾಡುವಾಗ ಅವಳಿಗೆ ಹೊಳೆಯಿತು, ತನ್ನ ಮನೆ ಅವನಿಗೆ ಹೇಗೆ ಗೊತ್ತು ಅಂತ ಕೇಳಲೇ ಇಲ್ಲ.

*

ಅದು ಕಾಯುವವರ ಸೀಮೆ. ಅಲ್ಲಿ ತೆಂಗಿನಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಒಂದು ವರ್ಷ ಯಾರೂ ಅವಸರ ಮಾಡುವುದಿಲ್ಲ. ಒಳಗಿನ ನೀರು ತಾನೇ ಇಂಗಬೇಕು, ತಿರುಳು ತಾನೇ ಚಿಪ್ಪು ಬಿಡಬೇಕು. ಒಂದು ದಿನ ಎತ್ತಿ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಆಗ ಕೊಬ್ಬರಿ ಆಯಿತು ಅಂತ ಲೆಕ್ಕ. ಜೀವಿತಾಳ ಅಪ್ಪ ಪರಮೇಶ್ ಅಟ್ಟದಲ್ಲಿ ಕೂತು ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದನ್ನು ನೋಡಿದರೆ, ಮಗುವಿನ ಗುಟ್ಟು ಕೇಳುತ್ತಿದ್ದಾರೇನೋ ಅನಿಸುತ್ತಿತ್ತು.

ಅಂಥ ಮನೆಯಲ್ಲಿ ಹುಟ್ಟಿದ ಜೀವಿತಾಳಿಗೆ ಹಾಲು ಉಕ್ಕುವ ತನಕ ಒಲೆ ಮುಂದೆ ನಿಲ್ಲುವುದಕ್ಕೂ ಆಗದು. ಇಪ್ಪತ್ತೈದು ವರ್ಷ, ಬಿ.ಎಡ್. ಮುಗಿಸಿ ಕಿಬ್ಬನಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಅತಿಥಿ ಶಿಕ್ಷಕಿ. ಸಂಜೆ ಸ್ಕೂಟಿ ನಿಲ್ಲಿಸಿದ ಮೇಲೆ ಅವಳ ಕಾಲಿಗೆ ಏನೋ ಹತ್ತುತ್ತಿತ್ತು. ಹಿತ್ತಲ ಬಾಗಿಲಿನಿಂದ ಒಗೆಯುವ ಕಲ್ಲಿನ ತನಕ, ಕಲ್ಲಿನಿಂದ ಬಾಗಿಲಿನ ತನಕ, ಕತ್ತಲಾಗುವವರೆಗೆ ಓಡಾಟ. ಏನು ಬೇಕು ಅಂತ ಕೇಳಿದರೆ ಅವಳಿಗೇ ಗೊತ್ತಿಲ್ಲ. ಏನೋ ಬರಬೇಕಿತ್ತು, ಬಂದಿಲ್ಲ, ಅಷ್ಟು ಮಾತ್ರ ಗೊತ್ತು.

ಆ ಓಡಾಟದಲ್ಲೇ ಸಂಕ್ರಾಂತಿಯ ಹೊತ್ತಿಗೆ ಕರಬೂಜದ ಬೀಜ ತಂದಳು. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮಣ್ಣು ತುಂಬಿದ ತೆಂಗಿನ ಚಿಪ್ಪುಗಳಲ್ಲಿ ಊರಿದಳು. ಊರಿದ ಮಾರನೇ ದಿನದಿಂದ ಮಣ್ಣು ಕೆದಕಿ ಕೆದಕಿ ಮೊಳಕೆ ಬಂತಾ ಅಂತ ನೋಡಿದ್ದಕ್ಕೆ ಎರಡು ಬೀಜ ಸತ್ತೇ ಹೋದವು.

"ಬೀಜಾನ ಅಂಗಡೀಲಿ ಕೊಂಡ್ಕತಾರೇನೇ?" ಎಂದು ಅಜ್ಜಿ ಶಿವರುದ್ರಮ್ಮ ಮೂಗು ಮುರಿದಿತ್ತು. ಅಜ್ಜಿಯ ಬೀಜಗಳೆಲ್ಲ ಹಿತ್ತಲ ಗೋಡೆಯ ಮೇಲಿದ್ದವು. ಸೋರೆ, ಹೀರೆ, ಪಡುವಲ, ಒಂದೊಂದನ್ನೂ ಬೂದಿಯಲ್ಲಿ ಉಜ್ಜಿ, ಸಗಣಿಯ ಬಿಲ್ಲೆಯಲ್ಲಿ ಒತ್ತಿ, ಬಿಸಿಲು ಬೀಳುವ ಕಡೆ ಮೆತ್ತಿಬಿಟ್ಟರೆ ಮುಂದಿನ ವರ್ಷದ ತನಕ ಹುಳ ಮುಟ್ಟುತ್ತಿರಲಿಲ್ಲ. ಕರಬೂಜ ಮಾತ್ರ ಅಜ್ಜಿಯ ಗೋಡೆಯಲ್ಲಿ ಇರಲಿಲ್ಲ. ಅದು ಅಜ್ಜಿಯ ಕತೆಯಲ್ಲಿತ್ತು.

ಒಂದೂರಲ್ಲಿ ಒಬ್ಬ ರಾಜ, ಅವನ ತೋಟದಲ್ಲಿ ಒಂದು ಕರಬೂಜದ ಬಳ್ಳಿ, ಆ ಬಳ್ಳಿಯ ಒಂದೇ ಹಣ್ಣಿನ ಒಳಗೆ ಒಬ್ಬಳು ಹುಡುಗಿ. ಚಾಕು ಹಿಡಿದು ಬಂದವರ ಮುಂದೆ ಹಣ್ಣು ಕಲ್ಲಾಗುತ್ತಿತ್ತು. ಕೊನೆಗೆ ಬರಿಗೈಯಲ್ಲಿ ಬಂದವನೊಬ್ಬ ಬಳ್ಳಿಯ ಪಕ್ಕ ಸುಮ್ಮನೆ ಕೂತ. ಎಷ್ಟು ದಿನ ಕೂತ ಅಂತ ಕೇಳಿದರೆ ಅಜ್ಜಿ ಒಂದು ಸಲ ಏಳು ದಿನ ಅನ್ನುತ್ತಿತ್ತು, ಇನ್ನೊಂದು ಸಲ ಏಳು ವರ್ಷ.

"ಅಲ್ಲಜ್ಜಿ, ಆ ಹುಡುಗಿ ಒಳಗಿಂದ ಒಂದು ಸಲ ತಟ್ಟಬಾರದಿತ್ತಾ?" ಎಂದು ಜೀವಿತಾ ಚಿಕ್ಕಂದಿನಿಂದ ಕೇಳುತ್ತಿದ್ದಳು.

"ಕತೇಲಿ ಹಂಗಿಲ್ಲ ಕಣೇ," ಅನ್ನುತ್ತಿತ್ತು ಅಜ್ಜಿ.

*

ಮಾರನೇ ಬೆಳಿಗ್ಗೆ ಆರಕ್ಕೆ ಬೈಕಿನ ಸದ್ದು ಕೇಳಿದಾಗ ಜೀವಿತಾ ಎದ್ದು, ಮುಖ ತೊಳೆದು, ಜಡೆ ಹೆಣೆದು, ಹೆಣೆದದ್ದು ಗೊತ್ತಾಗದಿರಲಿ ಅಂತ ಒಂದೆರಡು ಎಳೆ ಕೆದರಿಕೊಂಡಿದ್ದಳು. ಇಬ್ಬರೂ ಮನೆಯ ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದರು. ಮಂಜು ಇನ್ನೂ ಆರಿರಲಿಲ್ಲ. ಬಳ್ಳಿಯ ನಡುವೆ ಕೂತು ಯಾರೋ ಹೂ ಬಿಡಿಸುತ್ತಿದ್ದರು. ಒದ್ದೆ ಸೀರೆ, ಹಣೆಯ ತುಂಬ ವಿಭೂತಿ, ತೊಡೆಯ ಮೇಲೆ ಹಿತ್ತಾಳೆ ತಟ್ಟೆ. ತಟ್ಟೆಯ ತುಂಬ ಹಳದಿ ಹೂ.

"ಅಜ್ಜಿ," ಎಂದಳು ಜೀವಿತಾ.

"ಏನೇ, ಇವತ್ತು ಸೂರ್ಯ ಎತ್ತಕಡೆ ಹುಟ್ಟವ್ನೆ? ಇಷ್ಟೊತ್ತಿಗೇ ಎದ್ದಿದೀಯ." ಆಮೇಲೆ ಅಜ್ಜಿ ಜ್ಞಾನೇಶನನ್ನು ಅಡಿಯಿಂದ ಮುಡಿಯ ತನಕ ನೋಡಿತು. "ಇದ್ಯಾರು?"

"ಬೀಜದ ಅಂಗಡಿಯವರು. ಅಜ್ಜಿ, ದಿನಾ ನೀನೇನಾ ಹೂ ಕೀಳ್ತಿದ್ದಿದ್ದು?"

"ಲಿಂಗಪೂಜೆಗೆ ಹೂ ಬ್ಯಾಡವಾ? ಬ್ಯಾಸಗೇಲಿ ಬ್ಯಾರೆ ಯಾವ ಗಿಡದಲ್ಲೈತೆ ಹೂವು? ಹೊಸ ಬಳ್ಳೀದು ಮೊದಲ್ನೇ ಹೂ ಶಿವನಿಗೇ ಸಲ್ಲಬೇಕು."

"ಮೊದಲನೇದು ಸಲ್ಲಿಸು. ಎಲ್ಲಾನೂ ಸಲ್ಲಿಸ್ತಾರಾ?"

ಜ್ಞಾನೇಶ್ ನಗು ತಡೆಯಲು ಕೆಮ್ಮಿದ. ಆಮೇಲೆ ಅಜ್ಜಿಯ ಎದುರು ಕುಕ್ಕರುಗಾಲಲ್ಲಿ ಕೂತು, ತಟ್ಟೆಯಿಂದ ಎರಡು ಹೂ ಎತ್ತಿಕೊಂಡ. "ನೋಡಿ ಅಜ್ಜಿ. ಇದರ ಹಿಂದೆ ಬರೀ ತೊಟ್ಟು, ಇದು ಗಂಡು ಹೂ. ಇದರ ಹಿಂದೆ ನೋಡಿ, ಗೋಲಿಯಷ್ಟು ಕಾಯಿ ಇದೆ. ಇದು ಹೆಣ್ಣು. ಇದನ್ನ ಕಿತ್ರೆ ಹಣ್ಣನ್ನೇ ಕಿತ್ತ ಹಾಗೆ."

ಅಜ್ಜಿ ಹೆಣ್ಣು ಹೂವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿತು. ಮುಖ ಸಣ್ಣಗಾಯಿತು. "ನಸುಕಲ್ಲಿ ನನಗೆ ಹೂವು ಕಾಣೋದೇ ಕಷ್ಟ. ಗಂಡು ಹೆಣ್ಣು ಎಲ್ಲಿ ನೋಡ್ಲಪ್ಪ."

"ಅದಕ್ಕೊಂದು ದಾರಿ ಇದೆ. ಶಿವನಿಗೆ ತುಂಬೆ ಹೂ ಅಂದ್ರೆ ಪ್ರಾಣ ಅಲ್ವಾ? ದಿನಾ ಬೆಳಿಗ್ಗೆ ಒಂದು ದೊನ್ನೆ ತುಂಬೆ ತಂದ್ಕೊಡ್ತೀನಿ. ಈ ಬಳ್ಳೀನ ನೀವು ಮುಟ್ಟಬಾರದು."

"ನನಗೇ ಲಂಚ ಕೊಡ್ತೀಯೇನಪ್ಪ?"

"ನಿಮಗಲ್ಲ ಅಜ್ಜಿ, ಶಿವನಿಗೆ."

"ಅವನು ತಗತಾನೆ ಬುಡು," ಎಂದಿತು ಅಜ್ಜಿ. ತಟ್ಟೆ ಎತ್ತಿಕೊಂಡು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಸಲ ಇಬ್ಬರನ್ನೂ ನೋಡಿತು.

ಅಜ್ಜಿಯ ಕೈಗೆ ಸಿಗದೆ ಎಲೆಯ ಅಡಿಯಲ್ಲಿ ಉಳಿದ ಒಂದು ಹೆಣ್ಣು ಹೂವನ್ನು ಜ್ಞಾನೇಶ್ ಹುಡುಕಿದ. ಗಂಡು ಹೂವಿನ ದಳಗಳನ್ನು ಒಂದೊಂದಾಗಿ ಬಿಡಿಸಿ, ಹಳದಿ ಪುಡಿ ಮೆತ್ತಿದ ನಡುದಂಟನ್ನು ಜೀವಿತಾಳ ಕೈಗೆ ಕೊಟ್ಟ. "ಇದನ್ನ ಆ ಹೂವಿನ ಒಳಗೆ ಮುಟ್ಟಿಸಿ. ಮೆಲ್ಲಗೆ. ಉಜ್ಜಬೇಡಿ."

"ನಾನಾ?"

"ಬಳ್ಳಿ ನಿಮ್ಮದಲ್ವಾ."

ಅವಳು ಬಗ್ಗಿದಳು. ತಾನು ಮಾಡುತ್ತಿರುವುದು ಏನು ಅಂತ ಇದ್ದಕ್ಕಿದ್ದಂತೆ ಅರ್ಥವಾಗಿ ಕತ್ತಿನ ತನಕ ಬಿಸಿ ಏರಿತು. ಅವನು ಆ ಕಡೆ ತಿರುಗಿ ತೆಂಗಿನ ಗರಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದ. ಅವನ ಕಿವಿಯ ತುದಿಯೂ ಕೆಂಪಾಗಿದ್ದು ಕಂಡು ಅವಳಿಗೆ ಸಮಾಧಾನವಾಯಿತು.

"ಆಯ್ತು," ಎಂದಳು. "ಇನ್ನು ಕಾಯಿ ಕಟ್ಟುತ್ತಾ?"

"ಇದನ್ನ ದಿನಾ ಮಾಡ್ಬೇಕು," ಎಂದ ಅವನು, ಬಳ್ಳಿಯನ್ನೇ ನೋಡುತ್ತಾ. "ಒಂದು ದಿನ ಬಿಟ್ರೂ ಕೆಡುತ್ತೆ. ನಾನು ಬರ್ತೀನಿ ಬಿಡಿ, ಹೇಗೂ ತುಂಬೆ ಹೂ ಕೊಡೋಕೆ ಬರ್ಬೇಕಲ್ಲ."

*

ಹೀಗೆ ಒಟ್ಟು ಒಂಬತ್ತು ದಿನ ಬೆಳಿಗ್ಗೆ ಅವನು ಬಂದ. ಮುತ್ತುಗದ ಎಲೆಯ ದೊನ್ನೆಯಲ್ಲಿ ಉಪ್ಪಿನ ಹರಳಿನಂಥ ತುಂಬೆ ಹೂ. ಪ್ಯಾಂಟಿನ ಅಂಚು ಮೊಣಕಾಲ ತನಕ ಒದ್ದೆ.

"ಸಮಾಜ ಮೇಡಂ, ಇವತ್ತು ಗಂಡು ಯಾವುದು, ಹೆಣ್ಣು ಯಾವುದು, ಹೇಳಿ."

"ಕಾಯಿ ಇರೋದು ಹೆಣ್ಣು. ಸುಮ್ಮನೆ ಮೆರೆಯೋದು ಗಂಡು."

"ನಮ್ಮನ್ನೇ ಅಂದ ಹಾಗಿತ್ತು."

"ಬಿಸಿ ತಟ್ಟಿದೋರು ಕೈ ಎತ್ತಬಹುದು."

ಅವನು ಪುಡಿ ಮೆತ್ತಿದ ಎರಡೂ ಕೈ ಎತ್ತಿದ. ಅವಳು ನಕ್ಕಳು. ಒಂದು ಸಲ ಅವಳ ಕೆನ್ನೆಗೆ ಹಳದಿ ಹತ್ತಿದಾಗ ಅವನು ತನ್ನ ಕೆನ್ನೆ ಮುಟ್ಟಿ ತೋರಿಸಿದ. ಅವಳು ಬೇಕಂತಲೇ ಇನ್ನೊಂದು ಕೆನ್ನೆ ಒರೆಸಿಕೊಂಡಳು. "ಆ ಕಡೆ," ಎಂದ. ಅವಳು ಗಲ್ಲ ಒರೆಸಿಕೊಂಡಳು. ಅವನ ಕೈ ಅರ್ಧ ಎದ್ದು, ಗಾಳಿಯಲ್ಲಿ ನಿಂತು, ಮತ್ತೆ ಕೆಳಗಿಳಿದು ಒಂದು ಎಲೆಯನ್ನು ಸರಿ ಮಾಡಿತು. ಆ ದಿನ ಪೂರ್ತಿ ಕ್ಲಾಸಿನಲ್ಲಿ ಭಾರತದ ನದಿಗಳು ಅವಳ ಬಾಯಲ್ಲಿ ಹಿಂದುಮುಂದಾಗಿ ಹರಿದವು.

ಅವನು ಹೋದ ಮೇಲೆ ದಿನ ಉದ್ದವಾಗುತ್ತಿತ್ತು. ಸಂಜೆಯ ಓಡಾಟ ಕಡಿಮೆಯಾಗುವ ಬದಲು ಹೆಚ್ಚಾಯಿತು. ಒಗೆಯುವ ಕಲ್ಲಿನ ತನಕ ಸಾಲದೆ ಈಗ ಬೇಲಿಯ ತನಕ. ಅವನು ಏನಾದರೂ ಹೇಳಲಿ. ಹೇಳದಿದ್ದರೆ ಹೋಗಲಿ, ಕೇಳಲಿ. ಅವನು ಕೇಳುತ್ತಿದ್ದದ್ದು ನೀರು ಎಷ್ಟು ಹಾಕಿದಿರಿ ಅಂತ ಮಾತ್ರ.

ಮೂರು ಕಾಯಿ ಕಟ್ಟಿದವು. ಒಂದು ಹಳದಿಯಾಗಿ ಉದುರಿತು, ಇನ್ನೊಂದನ್ನು ಅಳಿಲು ಕಚ್ಚಿತು. ಮೊದಲ ದಿನ ಅವಳೇ ಮುಟ್ಟಿಸಿದ ಹೂವಿನ ಕಾಯಿ ಮಾತ್ರ ಉಳಿದು, ಮುಷ್ಟಿಯಷ್ಟಾಯಿತು.

ಒಂಬತ್ತನೇ ಬೆಳಿಗ್ಗೆ, ಕಾಯಿ ನೆಲಕ್ಕೆ ತಾಗಿ ಕೊಳೆಯದಿರಲಿ ಅಂತ ಜ್ಞಾನೇಶ್ ಅದರ ಕೆಳಗೆ ತೆಂಗಿನ ಚಿಪ್ಪು ಇಡುತ್ತಿದ್ದಾಗ ಪರಮೇಶ್ ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದರು.

"ಒಳ್ಳೆ ಕೆಲಸ ಮಾಡ್ದೆ ಕಣಪ್ಪ ಜ್ಞಾನೇಶ. ರಾಮನವಮಿ ಭಾನುವಾರ ಬಿದ್ದೈತೆ. ಅವತ್ತು ತಿಪಟೂರಿಂದ ನಮ್ಮ ಜೀವೀನ ನೋಡಕ್ಕೆ ಬತ್ತಾವ್ರೆ. ಕೊಬ್ಬರಿ ಮಂಡಿಯೋರು, ಹುಡುಗ ರುದ್ರೇಶ್ ಅಂತ. ಒಪ್ಪಿಗೆ ಆದ್ರೆ ಅವತ್ತೇ ಮಾತು ಮುಗಿಸೋದು. ಪಾನಕಕ್ಕೆ ನಮ್ಮ ಹಿತ್ತಲ ಕರಬೂಜಾನೇ ಆದ್ರೆ ಎಷ್ಟು ಚೆಂದ. ಅಷ್ಟೊತ್ತಿಗೆ ಹಣ್ಣಾಗತ್ತಾ?"

ಚಿಪ್ಪು ಅವನ ಕೈಯಲ್ಲೇ ನಿಂತಿತು. ಒಂದು ಗಳಿಗೆ. ಆಮೇಲೆ ಅದನ್ನು ಕಾಯಿಯ ಕೆಳಗೆ, ಮಲಗಿದ ಮಗುವಿಗೆ ದಿಂಬು ಇಡುವ ಹಾಗೆ ಇಟ್ಟ. "ಆಗುತ್ತೆ ಅಣ್ಣ. ಅಷ್ಟೊತ್ತಿಗೆ ಸರಿಯಾಗಿ ಆಗುತ್ತೆ."

ಜೀವಿತಾಳಿಗೆ ಆ ವಿಷಯ ಹೊಸದಲ್ಲ. ಸಂಕ್ರಾಂತಿಯ ಮೊದಲೇ ವಾಟ್ಸಾಪಿನಲ್ಲಿ ಫೋಟೊ ಬಂದಿತ್ತು. ಹುಡುಗ ಲಕ್ಷಣವಾಗಿಯೇ ಇದ್ದ. ಅಮ್ಮ ಕೇಳಿದಾಗ "ನೋಡೋಣ" ಎಂದಿದ್ದಳು. ಆ ಒಂದು "ನೋಡೋಣ" ಹೀಗೆ ಬೆಳೆದು, ಬಳ್ಳಿ ಹಬ್ಬಿ, ಭಾನುವಾರದ ತನಕ ಬರುತ್ತದೆ ಅಂತ ಅವಳು ಎಣಿಸಿರಲಿಲ್ಲ.

ಅಪ್ಪ ಒಳಗೆ ಹೋದ ಮೇಲೆ ಅವನು ಕೈ ಒರೆಸಿಕೊಂಡ. "ಇನ್ನು ನನ್ನ ಕೆಲಸ ಮುಗೀತು ಮೇಡಂ. ನೀರು ಕಡಿಮೆ ಮಾಡಿ. ಹಣ್ಣಾದಾಗ ಮಾತ್ರ ಕೀಳೋಕೆ ಹೋಗಬೇಡಿ. ತೊಟ್ಟಿನ ಸುತ್ತ ಉಂಗುರದ ಹಾಗೆ ಗೆರೆ ಬಿಟ್ಟು, ತಾನಾಗೇ ಕೈಗೆ ಬರುತ್ತೆ. ಅಲ್ಲೀತನಕ ಎಳೆದ್ರೆ ಸಪ್ಪೆ."

"ಅಷ್ಟೇನಾ?" ಎಂದಳು ಜೀವಿತಾ.

"ಅಷ್ಟೇ," ಎಂದು ಅವನು ಅವಳ ಚಪ್ಪಲಿ ನೋಡಿದ.

ಅವಳು ಖಾಲಿ ದೊನ್ನೆಯನ್ನು ಸುರುಳಿ ಸುತ್ತುತ್ತಾ ನಿಂತಳು.

*

ತುಂಬೆ ಹೂ ನಿಂತಿತು. "ಲಂಚ ನಿಲ್ಸಿಬಿಟ್ನಲ್ಲೇ ನಿನ್ನ ಬೀಜದೋನು," ಎಂದು ಅಜ್ಜಿ ದಿನಾ ಬೆಳಿಗ್ಗೆ ಬರೀ ಪತ್ರೆ ಇಟ್ಟು ಪೂಜೆ ಮಾಡುವಾಗ ಗೊಣಗಿತು. ಮಾತು ಕೊಟ್ಟಿದ್ದಕ್ಕೆ ಬಳ್ಳಿಯನ್ನು ಮಾತ್ರ ಮುಟ್ಟಲಿಲ್ಲ.

ಕಾಯಿ ದಪ್ಪವಾಯಿತು, ಮೈ ಮೇಲೆ ಬಲೆ ಬಲೆ ಗೆರೆ ಎದ್ದಿತು. ಜೀವಿತಾ ದಿನಕ್ಕೆ ಹತ್ತು ಸಲ ಅದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು, ಮೂಸಿದಳು, ಒಂದು ಸಂಜೆ ಎರಡೂ ಕೈಯಲ್ಲಿ ಹಿಡಿದು ತಿರುಚಿಯೂ ನೋಡಿದಳು. ತೊಟ್ಟು ಜಗ್ಗಲಿಲ್ಲ. ಯುಗಾದಿಯ ಬೇವು ಬೆಲ್ಲ ತಿಂದರೂ ಬಾಯಿಗೆ ಹತ್ತಿದ್ದು ಬೇವು ಮಾತ್ರ.

ರಾಮನವಮಿಗೆ ಮೂರು ದಿನ ಇರುವಾಗ ಹುಚ್ಚರಂಗಯ್ಯ ತೆಂಗಿನಕಾಯಿ ಕೀಳಲು ಬಂದ. ಆ ಸುತ್ತಿನ ತೋಟಗಳಿಗೆಲ್ಲ ಅವನೇ. ಕೆಲಸ ಮುಗಿಸಿ ಬಳ್ಳಿಯ ಪಕ್ಕ ನಿಂತು ಮಜ್ಜಿಗೆ ಕುಡಿಯುವಾಗ ಹೇಳಿದ, "ಒಂದೇ ಕಾಯಾದ್ರೂ ಬೋ ಪಸಂದಾಗೈತೆ ಕಣವ್ವ."

"ಸುಮ್ಮನೆ ಆಗಿಲ್ಲ ರಂಗಣ್ಣ. ಒಂಬತ್ತು ದಿನ ಕೈಯಲ್ಲೇ ಹೂವಿಗೆ ಹೂ ಮುಟ್ಟಿಸಿದೀವಿ."

ಹುಚ್ಚರಂಗಯ್ಯ ಮಜ್ಜಿಗೆಯ ಲೋಟ ಕೆಳಗಿಳಿಸಿದ. "ಕೈಯಲ್ಲಾ? ಜೇನು ಯಾತಕ್ಕೈತೆ ಮತ್ತೆ? ನೋಡು, ಇಲ್ಲೇ ಗುಯ್ಯೋ ಅಂತಾವೆ. ಹೂ ಬಳ್ಳೀಲಿ ಬುಟ್ರೆ ಅವೇ ಮಾಡ್ಕತಾವೆ. ಯಾರು ಹೇಳಿದ್ದು ನಿಂಗೆ?"

"ಬೀಜದ ಅಂಗಡಿ ಜ್ಞಾನೇಶ್."

"ಓ, ಅವನಾ." ಹುಚ್ಚರಂಗಯ್ಯ ನಕ್ಕ ನಗೆಗೆ ಕಾಗೆ ಹಾರಿತು. "ಅವನಿಗೆ ಗೊತ್ತಿಲ್ದೆ ಇರತ್ತಾ? ಆವಯ್ಯಂಗೆ ಏನೋ ಆಗೈತೆ ಅಂದ್ಕಂಡಿದ್ದೆ ನಾನು. ಪೂರ್ತಿ ಒಂದು ವಾರ, ಹೊತ್ತು ಹುಟ್ಟೋ ಮುಂಚೆ ಕೆರೆ ಅಂಚಲ್ಲಿ ಬಗ್ಗಿ ಬಗ್ಗಿ ಏನೋ ಆರಿಸ್ತಿದ್ದ. ಏನ್ಲಾ ಅಂದ್ರೆ ತುಂಬೆ ಹೂವಂತೆ. ಈ ಬ್ಯಾಸಗೇಲಿ ಒಂದು ದೊನ್ನೆ ತುಂಬೆ ಸಿಗಬೇಕಾದ್ರೆ ಕೆರೆ ಅರ್ಧ ಸುತ್ತಬೇಕು. ಯಾರಿಗ್ಲಾ ಅಂದ್ರೆ, ಶಿವನಿಗೆ ಅಂತಾನೆ."

ಜೀವಿತಾ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಸಿಟ್ಟು ಬಂತು, ನಗು ಬಂತು, ಎರಡೂ ಒಟ್ಟಿಗೇ ಬಂದವು. ಒದ್ದೆಯಾದ ಪ್ಯಾಂಟಿನ ಅಂಚು ಕಣ್ಣ ಮುಂದೆ ಬಂತು.

*

ಶುಕ್ರವಾರ ಸಂಜೆ ಅವಳು ಏಣಿ ಹತ್ತಿ ಅಟ್ಟಕ್ಕೆ ಹೋದಳು. ಅಪ್ಪ ಕಾಯಿಗಳ ನಡುವೆ ಕೂತಿದ್ದರು.

"ಅಪ್ಪ, ಭಾನುವಾರ ಅವರು ಬರೋದು ಬೇಡ."

ಪರಮೇಶ್ ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸುವುದು ನಿಲ್ಲಿಸಿದರು. "ಯಾಕೆ? ಹುಡುಗನಲ್ಲೇನು ಕುಂದು?"

"ಕುಂದೇನಿಲ್ಲ. ನನ್ನ ಮನಸ್ಸು ಬೇರೆ ಕಡೆ ಇದೆ."

ಅಟ್ಟದಲ್ಲಿ ಒಣಗಿದ ಸಿಪ್ಪೆಯ ವಾಸನೆ. ಅಪ್ಪ ಕೈಯಲ್ಲಿದ್ದ ಕಾಯಿಯನ್ನು ಪಕ್ಕಕ್ಕಿಟ್ಟರು. ಆಮೇಲೆ, "ತುಂಬೆ ಹೂವಿನೋನಾ?"

ಜೀವಿತಾ ತಲೆ ತಗ್ಗಿಸಿದಳು.

"ಅವನು ಕೇಳಿದ್ನಾ?"

"ಇಲ್ಲ."

"ನೀನು ಹೇಳಿದ್ಯಾ?"

"ಇಲ್ಲ."

"ಸರಿಹೋಯ್ತು. ಬಾಯಿ ಬಿಡದೋನಿಗೋಸ್ಕರ ಮನೆಗೆ ಬರೋರನ್ನ ಬ್ಯಾಡ ಅನ್ಲಾ? ನಾಳಿದ್ದು ಅವನು ನಂಗೇನೂ ಗೊತ್ತಿಲ್ಲಪ್ಪ ಅಂದ್ರೆ? ಮಂಡಿಯೋರ ಮುಂದೆ ನನ್ನ ಮಾತು ಏನಾಗ್ಬೇಕು, ಊರಲ್ಲಿ ನಿನ್ನ ಹೆಸರು ಏನಾಗ್ಬೇಕು?" ಅವರ ದನಿ ಏರಲಿಲ್ಲ. ಅದೇ ಅವಳಿಗೆ ಹೆಚ್ಚು ತಾಕಿತು. "ನಾಳೆ ಮಧ್ಯಾಹ್ನ ತಿಪಟೂರಿಗೆ ಫೋನ್ ಮಾಡ್ಬೇಕು, ಎಷ್ಟು ಜನ ಬತ್ತೀರಿ ಅಂತ ಕೇಳಕ್ಕೆ. ಅಲ್ಲೀತನಕ ಟೈಮೈತೆ. ಆಮೇಲೆ ನನ್ನ ಕೇಳಬ್ಯಾಡ."

ಕೆಳಗೆ ಇಳಿದಾಗ ಏಣಿಯ ಬುಡದಲ್ಲಿ ಅಜ್ಜಿ ಕೂತು ಬತ್ತಿ ಹೊಸೆಯುತ್ತಿತ್ತು. ಎಲ್ಲ ಕೇಳಿಸಿಕೊಂಡಿದ್ದರೂ ಮುಖ ಎತ್ತಲಿಲ್ಲ.

"ಅಜ್ಜಿ, ಆ ಕರಬೂಜದ ಹುಡುಗಿ ಇದಾಳಲ್ಲ."

"ಹೂಂ."

"ನಾಳೆ ಒಳಗಿಂದ ತಟ್ತಾಳೆ."

ಅಜ್ಜಿ ಬತ್ತಿಯ ತುದಿಯನ್ನು ನಿಧಾನವಾಗಿ ಹೊಸೆಯಿತು. "ತಟ್ಲಿ ಬುಡು. ನನಗೂ ಆ ಹುಡುಗನ್ನ ಎಷ್ಟು ವರ್ಷ ಅಂತ ಕೂರ್ಸಿಡದು, ಬೇಜಾರಾಗೈತೆ."

*

ಶನಿವಾರ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದಾಗಲೇ ಪರಿಮಳ ಬಂತು. ಜೀವಿತಾ ಬಳ್ಳಿಯ ಹತ್ತಿರ ಕೂತಳು. ತೊಟ್ಟಿನ ಸುತ್ತ ಕೂದಲೆಳೆಯಂಥ ಗೆರೆ ಬಿಟ್ಟಿತ್ತು. ಎತ್ತಬೇಕು ಅಂತಲೂ ಇಲ್ಲ, ಸುಮ್ಮನೆ ಕೈ ಇಟ್ಟಳು. ಹಣ್ಣು ಚಿಪ್ಪಿನಿಂದ ಉರುಳಿ ಅಂಗೈಗೆ ಬಂತು, ತಾನೇ ಹೊರಟು ನಿಂತಿತ್ತೇನೋ ಎನ್ನುವ ಹಾಗೆ.

ಸ್ಕೂಟಿಯ ಮುಂದೆ, ಎರಡು ಕಾಲಿನ ನಡುವೆ ಹಣ್ಣನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ಅವಳು ನೊಣವಿನಕೆರೆಗೆ ಹೊರಟಳು. ಮೂರು ಕಿಲೋಮೀಟರ್ ದಾರಿ ಅವತ್ತು ಮೂವತ್ತಾಯಿತು. ಅಂಗಡಿಯ ಶಟರ್ ಅರ್ಧ ತೆರೆದಿತ್ತು. ಅವಳು ಬಗ್ಗಿ ಒಳಗೆ ಹೋದಳು.

ಕಸ ಗುಡಿಸುತ್ತಿದ್ದ ಜ್ಞಾನೇಶ್ ಪೊರಕೆ ಹಿಡಿದೇ ನಿಂತ. ಅವಳು ಹಣ್ಣನ್ನು ಮೇಜಿನ ಮೇಲೆ ಇಟ್ಟಳು. ಈ ಸಲ ಕುಕ್ಕಲಿಲ್ಲ.

"ತಾನಾಗೇ ಬಿಡ್ತಾ?" ಎಂದ.

"ಕೈ ಇಟ್ಟೆ, ಬಂತು."

"ನಾಳೆ ಪಾನಕಕ್ಕೆ ಸರಿಯಾಗುತ್ತೆ." ಅವನ ದನಿ ಒಣಗಿತ್ತು.

"ಅಂಗಡಿಯೋರು ಸುಳ್ಳು ಹೇಳಿದ್ರೆ ಯಾರಿಗೆ ಕಂಪ್ಲೇಂಟ್ ಕೊಡ್ಬೇಕು ರೀ?"

"ಏನು ಸುಳ್ಳು?"

"ಒಂಬತ್ತು ದಿನ ನನ್ನ ಕೈಲಿ ಜೇನುನೊಣದ ಕೆಲಸ ಮಾಡಿಸಿದ್ರಲ್ಲ. ಹುಚ್ಚರಂಗಯ್ಯ ಎಲ್ಲ ಹೇಳಿದ. ಕೆರೆ ಸುತ್ತಿದ್ದನ್ನೂ ಹೇಳಿದ."

ಅವನ ಕಿವಿಯ ತುದಿ ಕೆಂಪಾಯಿತು. ಪೊರಕೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು, ಮತ್ತೆ ಒರಗಿಸಿದ. "ಪೂರ್ತಿ ಸುಳ್ಳಲ್ಲ. ಮೊದಲನೇ ದಿನ ಬೇಕಿತ್ತು. ಅವತ್ತು ಬಳ್ಳೀಲಿ ಇದ್ದಿದ್ದೇ ಒಂದು ಹೂ."

"ಉಳಿದ ಎಂಟು ದಿನ?"

ರಸ್ತೆಯಲ್ಲಿ ತಿಪಟೂರು ಬಸ್ಸು ಹಾದುಹೋಯಿತು. ಅದರ ಸದ್ದು ಅಡಗುವ ತನಕ ಅವನು ಕಾದ. "ಉಳಿದ ಎಂಟು ದಿನ ನನಗೆ ಬೇಕಿತ್ತು."

ಜೀವಿತಾಳ ಕೈ ಮೇಜಿನ ಅಂಚನ್ನು ಹಿಡಿಯಿತು. "ಮತ್ತೆ ಅಪ್ಪ ಹೇಳಿದಾಗ ಯಾಕೆ ಸುಮ್ಮನಿದ್ರಿ?"

"ನೀವೂ ಏನೂ ಅನ್ನಲಿಲ್ಲ. ಒಪ್ಕೊಂಡಿದೀರಿ ಅಂದ್ಕೊಂಡೆ. ಮನಸ್ಸಿದ್ರೆ ನೀವಾಗೇ..."

"ನಾನಾಗೇ ತೊಟ್ಟು ಬಿಟ್ಟು ನಿಮ್ಮ ಕೈಗೆ ಬೀಳ್ತೀನಿ ಅಂತ ಕಾದ್ರಾ? ನಾನು ಹಣ್ಣಲ್ಲ ಕಣ್ರೀ." ಹೇಳುತ್ತಾ ಅವಳ ದನಿ ಒಡೆಯಿತು. ತಡೆದುಕೊಂಡಳು. "ನನ್ನದು ನಾನು ಅಪ್ಪನಿಗೆ ಹೇಳಿ ಆಯ್ತು. ಮಧ್ಯಾಹ್ನ ಅವರು ತಿಪಟೂರಿಗೆ ಫೋನ್ ಮಾಡ್ತಾರೆ. ಬನ್ನಿ ಅಂತಲೋ, ಬೇಡ ಅಂತಲೋ, ಅದು ಈಗ ನಿಮ್ಮ ಬಾಯಲ್ಲಿದೆ."

"ಏನು ಹೇಳಿದ್ರಿ ಅಪ್ಪನಿಗೆ?"

"ನಿಮಗ್ಯಾಕೆ ಹೇಳ್ಲಿ? ಮೊದಲು ನಿಮ್ಮದು ಹೇಳಿ."

ಯಾವಾಗಲೂ ಒಂದು ಕ್ಲಿಪ್ ಸಿಕ್ಕಿಸಲು ಅಷ್ಟು ಹೊತ್ತು ಮಾಡುವ ಮನುಷ್ಯ, ಆ ಗಳಿಗೆಯಲ್ಲಿ ಒಂದು ಕ್ಷಣವೂ ತಡ ಮಾಡಲಿಲ್ಲ. ಜೇಬಿನಿಂದ ಫೋನ್ ತೆಗೆದು, ಒತ್ತಿ, ಕಿವಿಗೆ ಹಿಡಿದ. ಕಣ್ಣು ಮಾತ್ರ ಅವಳ ಮುಖದ ಮೇಲಿತ್ತು.

"ಅಣ್ಣ, ನಾನು ಜ್ಞಾನೇಶ. ತಿಪಟೂರಿಗೆ ಫೋನ್ ಮಾಡಬೇಡಿ. ಅಲ್ಲ, ಮಾಡಿ, ಮಾಡಿ ಬೇಡ ಅನ್ನಿ." ಅವನು ಇನ್ನೊಂದು ಕೈಯನ್ನು ಹಣ್ಣಿನ ಮೇಲೆ ಇಟ್ಟ. "ಜೀವಿತಾನ ನಾನು ಕೇಳ್ತಿದೀನಿ ಅಣ್ಣ. ಸಂಜೆ ನಮ್ಮಮ್ಮನ ಕರ್ಕೊಂಡು ಬರ್ತೀನಿ."

ಫೋನಿನಿಂದ ಒಂದು ಸದ್ದು ಮಾತ್ರ ಕೇಳಿತು. ಗಡಗಡ. ಅಪ್ಪ ಅಟ್ಟದಲ್ಲೇ ಇದ್ದರು. ಆಮೇಲೆ ಅವರ ದನಿ, ಜೀವಿತಾಳಿಗೂ ಕೇಳುವಷ್ಟು ಜೋರಾಗಿ.

"ಬಾ. ಬರೋವಾಗ ಒಂದು ದೊನ್ನೆ ತುಂಬೆ ಹೂ ತಗಂಡು ಬಾ. ನಮ್ಮವ್ವ ಮೂರು ವಾರದಿಂದ ತಲೆ ತಿಂತಾ ಐತೆ."

ಫೋನ್ ಕೆಳಗಿಟ್ಟ ಮೇಲೆ ಇಬ್ಬರಿಗೂ ಏನು ಮಾಡಬೇಕು ಅಂತ ತೋಚಲಿಲ್ಲ. ಜೀವಿತಾ ಕಣ್ಣೊರೆಸಿಕೊಂಡಳು. ಜ್ಞಾನೇಶ್ ಚೀಲ ಕತ್ತರಿಸುವ ಚಾಕುವನ್ನು ಮೂರು ಸಲ ತೊಳೆದ. ಹಣ್ಣನ್ನು ಹೋಳು ಮಾಡಿದರೆ ಪ್ಯಾಕೆಟ್ಟಿನ ಚಿತ್ರದಷ್ಟು ಕೇಸರಿ ಇರಲಿಲ್ಲ, ಒಂದಿಷ್ಟು ಪೇಲವ. ಆದರೆ ಅಂಗಡಿಯ ಗೊಬ್ಬರದ ವಾಸನೆಯನ್ನೆಲ್ಲ ಅದರ ಪರಿಮಳ ಹೊರಗಟ್ಟಿತು.

ಮೊದಲ ಹೋಳನ್ನು ಅವನು ಕೊಟ್ಟಾಗ ಅವಳು ಕೈ ಚಾಚದೆ ಹಾಗೇ ಬಾಯಿ ತೆರೆದಳು. ಈ ಸಲ ಅವನ ಕೈ ಅರ್ಧಕ್ಕೆ ನಿಲ್ಲಲಿಲ್ಲ. ಗಲ್ಲಕ್ಕೆ ಇಳಿದ ರಸವನ್ನೂ ಅವನೇ ಒರೆಸಿದ, ಸರಿಯಾದ ಕಡೆಯೇ.

ಅವಳು ಬೀಜಗಳನ್ನು ಹಳೆಯ ಪೇಪರಿನ ಮೇಲೆ ಬಳಿದು ಹಾಕಿದಳು. "ನಿಮ್ಮ ಮನೆ ಹಿತ್ತಲಲ್ಲಿ ಗೋಡೆ ಇದೆಯಾ?"

"ಇದೆ. ಅಮ್ಮ ಹೋದ ವರ್ಷ ಪೇಂಟ್ ಹೊಡೆಸಿದಾರೆ. ತಿಳಿ ಹಸಿರು."

"ಬಿಸಿಲು ಬೀಳುತ್ತಾ?"

"ಬೆಳಗಿನ ಬಿಸಿಲು."

"ಹಾಗಾದ್ರೆ ಸಗಣಿ ಬಿಲ್ಲೆ ಅಲ್ಲೇ ಮೆತ್ತೋಣ. ನಿಮ್ಮಮ್ಮ ಬೈದ್ರೆ ನೀವೇ ನೋಡ್ಕೋಬೇಕು."

ಅವನು ಒಂದು ಬೀಜವನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದ. ಹೇಳಲೋ ಬೇಡವೋ ಅಂತ ಯೋಚಿಸಿ, ಇನ್ನು ಸುಳ್ಳು ಬೇಡ ಅನಿಸಿತೋ ಏನೋ, ಹೇಳಿಯೇಬಿಟ್ಟ. "ಇದು ಕಂಪನಿ ಬೀಜ ಜೀವಿತಾ. ಎರಡನೇ ಸಲ ಬಿತ್ತಿದ್ರೆ ಇದೇ ಹಣ್ಣು ಬರುತ್ತೆ ಅಂತ ಇಲ್ಲ. ಹುಳಿ ಬರಬಹುದು, ಸಪ್ಪೆ ಬರಬಹುದು. ಗ್ಯಾರಂಟಿ ಕೊಡೋಕಾಗಲ್ಲ."

"ಯಾರು ಕೇಳಿದ್ರು ಗ್ಯಾರಂಟಿ? ಏನು ಬರುತ್ತೋ ನೋಡೋಣ," ಎಂದು ಅವಳು ಪೇಪರ್ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದವಳು, ಸ್ಕೂಟಿಯ ಕೀಲಿ ತಿರುಗಿಸಿ, ಆರಿಸಿ, ಮತ್ತೆ ಬಗ್ಗಿ ಒಳಗೆ ಇಣುಕಿದಳು.

"ಸಂಜೆ ಎಷ್ಟು ಗಂಟೆಗೆ ಬರ್ತೀರಾ?"

"ಆರಕ್ಕೆ."

"ಐದಕ್ಕೆ ಬನ್ನಿ."